ಹಳೆಯ ದೇವಾಲಯವನ್ನು ಕೆಡವಿದರೆ ಆ ನೆಲದ ಪವಿತ್ರತೆ ಏನಾಗುತ್ತದೆ?

ಓದುಗರ ಪ್ರಶ್ನೆ: ನಮ್ಮ ಊರಿನ ಪ್ರೊಟೆಸ್ಟೆಂಟ್ ಸಭೆಯ ದೇವಾಲಯಕ್ಕೆ ನೂರು ವರ್ಷ ದಾಟಿದೆ. ಗೋಡೆ ಬಿರುಕು ಬಿಟ್ಟಿದೆ, ಮಳೆಗಾಲದಲ್ಲಿ ಸೋರುತ್ತದೆ, ರಸ್ತೆ ಅಗಲವಾದ ಮೇಲೆ ವಾಹನ ನಿಲ್ಲಿಸಲೂ ಜಾಗವಿಲ್ಲ. ಊರ ಹೊರಗೆ ಹೊಸದಾಗಿ ಕಟ್ಟಿ, ಹಳೆಯದನ್ನು ಕೆಡವಿ ಜಾಗ ಮಾರಬೇಕೆಂದು ಸಮಿತಿ ತೀರ್ಮಾನಿಸಿದೆ. ನನ್ನ ತಾಯಿಯ ದೀಕ್ಷಾಸ್ನಾನ, ಮದುವೆ, ತಂದೆಯವರ ಅಂತ್ಯಕ್ರಿಯೆಯ ಆರಾಧನೆ ಎಲ್ಲವೂ ಅಲ್ಲಿಯೇ ಆದದ್ದು. "ದೇವರು ಇರುವ ಜಾಗ ಮಾರುವುದು ಪಾಪ" ಎಂದು ಅವರು ಊಟ ಬಿಟ್ಟು ಕೂತಿದ್ದಾರೆ. ಸಭಾಪಾಲಕರು ಮಾತ್ರ, "ಪವಿತ್ರ ಸ್ಥಳವೆಂಬುದು ಹಳೆಯ ಒಡಂಬಡಿಕೆಯ ಮಾತು, ಕ್ರಿಸ್ತನು ಬಂದ ಮೇಲೆ ಎಲ್ಲ ಜಾಗವೂ ಒಂದೇ, ಕಟ್ಟಡವೆಂದರೆ ಬರೀ ಕಲ್ಲು ಮಣ್ಣು" ಎಂದರು. ಅದೇ ಸಭಾಪಾಲಕರು ಕಳೆದ ವರ್ಷ ಇಸ್ರೇಲ್ ಯಾತ್ರೆಯಿಂದ ಯೊರ್ದನ್ ಹೊಳೆಯ ನೀರನ್ನು ಸೀಸೆಯಲ್ಲಿ ತಂದು ಮನೆಮನೆಗೆ ಹಂಚಿದ್ದರು. ಆ ಯಾತ್ರೆಯಲ್ಲಿ ಯೇಸುವಿನ ಸಮಾಧಿಯೆಂದು ಎರಡು ಕಡೆ ತೋರಿಸಿದರಂತೆ. ಬೈಬಲಿನ ಪ್ರಕಾರ ಒಂದು ಜಾಗ ಪವಿತ್ರವಾಗುತ್ತದೆಯೇ? ಆಗುವುದಾದರೆ ಹೇಗೆ? ಆದ ಪವಿತ್ರತೆ ಹೋಗುತ್ತದೆಯೇ?

ಉತ್ತರ: ಮೇಲ್ನೋಟಕ್ಕೆ ಇದು ಕಟ್ಟಡವೊಂದರ ಪ್ರಶ್ನೆಯಾದರೂ ನಿಮ್ಮನ್ನು ಕಾಡುತ್ತಿರುವುದು ಬೇರೊಂದು ಎಂದು ಪತ್ರ ಓದಿದಾಗ ಅನಿಸಿತು. ಸತ್ಯವೇದವನ್ನು ಕೈಯಲ್ಲಿ ಹಿಡಿದೇ ಮಾತನಾಡುವ ಇಬ್ಬರು ಒಂದೇ ಜಾಗದ ಬಗ್ಗೆ ತದ್ವಿರುದ್ಧವಾಗಿ ಹೇಳಿದಾಗ ಯಾರ ಮಾತು ಹಿಡಿಯಬೇಕು ಎಂಬುದು ಆ ಕಾಟ. ಹಳೆಯ ಒಡಂಬಡಿಕೆಯನ್ನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಈ ಪ್ರಶ್ನೆಯನ್ನು ತರಗತಿಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಬಹುಪಾಲು ಸಲ ಅದರ ಹಿಂದೆ ಒಂದು ಊರು, ಒಂದು ಕಟ್ಟಡ, ಒಂದು ಜಗಳ ಇದ್ದೇ ಇರುತ್ತಿತ್ತು. ನಿಮ್ಮ ತಾಯಿಯವರ ಬಳಿಯೂ ವಚನಗಳಿವೆ, ಸಭಾಪಾಲಕರ ಬಳಿಯೂ ಇವೆ. ಇಬ್ಬರೂ ಪವಿತ್ರತೆಯನ್ನು ನೆಲದ ಗುಣವೆಂದು ಭಾವಿಸಿ ಮಾತನಾಡುತ್ತಿದ್ದಾರೆ ಎಂಬುದೇ ತೊಡಕು. ಆ ಗುಣ ಇದೆ ಎಂದು ಒಬ್ಬರು, ಈಗ ಇಲ್ಲ ಎಂದು ಇನ್ನೊಬ್ಬರು.

ಗೊಂದಲದ ಅರ್ಧ ಭಾಗ ನಮ್ಮ ಭಾಷೆಯಲ್ಲೇ ಹುಟ್ಟುತ್ತದೆ. ಕನ್ನಡ ಸತ್ಯವೇದದಲ್ಲಿ ನಾವು ಓದುವ 'ಪರಿಶುದ್ಧ' ಎಂಬ ಪದದ ಹೊಟ್ಟೆಯಲ್ಲೇ 'ಶುದ್ಧ' ಕೂತಿದೆ, ಹೀಗಾಗಿ ಪವಿತ್ರವಾದದ್ದೆಂದರೆ ಬಹಳ ಶುದ್ಧವಾದದ್ದು ಎಂದು ಕಿವಿ ತಾನಾಗಿಯೇ ತಿಳಿದುಕೊಳ್ಳುತ್ತದೆ. ಹೀಬ್ರೂವಿನಲ್ಲಿ ಇವು ಎರಡು ಬೇರೆ ಬೇರೆ ಜೋಡಿಗಳು. ಯಾಜಕಕಾಂಡ 10:10ರಲ್ಲಿ ಪವಿತ್ರಕ್ಕೂ ಸಾಧಾರಣಕ್ಕೂ ಇರುವ ಭೇದ ಒಂದು, ಶುದ್ಧಕ್ಕೂ ಅಶುದ್ಧಕ್ಕೂ ಇರುವ ಭೇದ ಇನ್ನೊಂದು ಎಂದು ಸ್ಪಷ್ಟವಾಗಿ ಬೇರ್ಪಡಿಸಿ ಹೇಳಿದೆ. ಎರಡನೆಯ ಜೋಡಿಗೆ ನಮ್ಮಲ್ಲಿ ಹತ್ತಿರದ ಮಾತು ಮಡಿ-ಮೈಲಿಗೆ. ಮೊದಲನೆಯದಕ್ಕೆ, ಅಂದರೆ 'ಕೋದೆಶ್' ಎಂಬ ಪದಕ್ಕೆ, ನಾನು ತರಗತಿಯಲ್ಲಿ ಹೇಳುತ್ತಿದ್ದ ಕನ್ನಡ ಪದ 'ಮೀಸಲು'. ತೋಟದ ಮೊದಲ ಬಾಳೆಗೊನೆಯನ್ನು ದೇವರಿಗೆಂದು ಎತ್ತಿಟ್ಟರೆ ಅದರ ರುಚಿಯಾಗಲಿ ಬಣ್ಣವಾಗಲಿ ಬದಲಾಗುವುದಿಲ್ಲ, ಆದರೂ ಎತ್ತಿಟ್ಟ ಕ್ಷಣದಿಂದ ಮನೆಯ ಮಗು ಕೂಡ ಅದಕ್ಕೆ ಕೈ ಹಾಕುವುದಿಲ್ಲ. ಮೀಸಲು ಎಂಬುದು ವಸ್ತುವಿನ ಗುಣವಲ್ಲ. ಅದು ಯಾರದು, ಯಾರು ಎತ್ತಿಟ್ಟರು, ಯಾವ ಕಟ್ಟಳೆಯ ಮೇಲೆ ಎತ್ತಿಟ್ಟರು ಎಂಬ ಸಂಬಂಧ.

ಈ ಅರ್ಥ ಹಿಡಿದು ಓದಿದರೆ ಕೆಲವು ಸಂಗತಿಗಳು ಬೇರೆಯಾಗಿ ಕಾಣುತ್ತವೆ. ಬೈಬಲಿನಲ್ಲಿ ದೇವರು ಮೊಟ್ಟಮೊದಲು ಮೀಸಲಾಗಿಸಿದ್ದು ಒಂದು ಜಾಗವನ್ನಲ್ಲ, ಏಳನೆಯ ದಿನವನ್ನು. ಅದು ಆದಿಕಾಂಡ 2:3ರಲ್ಲಿ ಬರುತ್ತದೆ. ನೆಲಕ್ಕೆ ಆ ಪದ ಅಂಟುವುದು ವಿಮೋಚನಕಾಂಡದ 3ನೆಯ ಅಧ್ಯಾಯದಲ್ಲಿ, ಉರಿಯುವ ಪೊದೆಯ ಮುಂದೆ ಮೋಶೆಗೆ ಕೆರ ಕಳಚಲು ಹೇಳಿದಾಗ. ಯಾತ್ರೆಯ ಜಾಹೀರಾತುಗಳಲ್ಲಿ ಎಲ್ಲೆಲ್ಲೂ ಕಾಣುವ 'ಪವಿತ್ರ ನಾಡು' ಎಂಬ ಮಾತು ಇಡೀ ಹೀಬ್ರೂ ಬೈಬಲಿನಲ್ಲಿ ಒಂದೇ ಒಂದು ಸಲ, ಜೆಕರ್ಯ 2:12ರಲ್ಲಿ, ಬರುತ್ತದೆ ಎಂದರೆ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ.

ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಕಥೆ ಯಾಕೋಬನದು, ಆದ್ದರಿಂದ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಆದಿಕಾಂಡ 28ರಲ್ಲಿ ಅವನು ಅಣ್ಣನಿಗೆ ಹೆದರಿ ಓಡುತ್ತಿರುವವನು. ದೇವರನ್ನು ಹುಡುಕಿಕೊಂಡು ಹೊರಟವನಲ್ಲ. ಹೊತ್ತು ಮುಳುಗಿತು, ಎಲ್ಲೋ ಮಲಗಿದ. ಹೀಬ್ರೂ ಪಠ್ಯ ಆ ಜಾಗಕ್ಕೆ ಹೆಸರನ್ನೇ ಹೇಳದೆ 'ಮಾಕೋಮ್', ಅಂದರೆ ಸ್ಥಳ, ಎನ್ನುತ್ತದೆ. 11ನೆಯ ವಚನ ಒಂದರಲ್ಲೇ ಈ ಪದ ಮೂರು ಸಲ, ಇಡೀ ಕಥೆಯಲ್ಲಿ ಆರು ಸಲ ಬರುತ್ತದೆ. ಹೆಸರಿಲ್ಲದ ಜಾಗ, ಅಲ್ಲಿಯ ಕಲ್ಲುಗಳಲ್ಲಿ ಒಂದು ಕಲ್ಲು, ಒಂದು ಕನಸು. ಎಚ್ಚರವಾದಾಗ ಯೆಹೋವನು ಇಲ್ಲಿದ್ದರೂ ತನಗೆ ತಿಳಿಯಲಿಲ್ಲವಲ್ಲ ಎಂದು ನಡುಗಿ, ದಿಂಬಾಗಿದ್ದ ಕಲ್ಲನ್ನೇ ಕಂಬವಾಗಿ ನಿಲ್ಲಿಸಿ ಎಣ್ಣೆ ಹೊಯ್ದು, ಬೇತೇಲ್, ಅಂದರೆ ದೇವರ ಮನೆ, ಎಂದು ಹೆಸರಿಡುತ್ತಾನೆ. ಅದಕ್ಕೆ ಮೊದಲು ಆ ಊರಿನ ಹೆಸರು ಲೂಜ್ ಎಂದು ಪಠ್ಯ ನೆನಪಿಟ್ಟು ಹೇಳುತ್ತದೆ. ಇಲ್ಲಿ ಮೂರು ಎಳೆಗಳು ಒಂದರ ಮೇಲೊಂದು ಬಿದ್ದಿವೆ: ಕೇಳದೆಯೇ ಬಂದ ದರ್ಶನ, ಮನುಷ್ಯನ ಕೈ ಮಾಡಿದ ಗುರುತು, ಮುಂದಿನವರು ಹೇಳಿಕೊಂಡು ಬಂದ ಹೆಸರು. ಮೂರರಲ್ಲಿ ಯಾವುದನ್ನು ತೆಗೆದರೂ ಬೇತೇಲ್ ಮತ್ತೆ ಲೂಜ್ ಆಗುತ್ತದೆ.

ಈ ಮೂರು ಎಳೆಗಳಲ್ಲಿ ಯಾವುದು ಮುಖ್ಯ ಎಂಬುದರ ಮೇಲೆಯೇ ವಿದ್ವಾಂಸರ ದೊಡ್ಡ ಜಗಳ ನಡೆದಿದೆ. ಪವಿತ್ರವಾದದ್ದು ತಾನಾಗಿ ನುಗ್ಗಿ ಬಂದು ಒಂದು ಜಾಗವನ್ನು ಜಗತ್ತಿನ ನಡುಬಿಂದುವಾಗಿಸುತ್ತದೆ ಎಂದು ಮಿರ್ಚಾ ಎಲಿಯಾಡೆ 20ನೆಯ ಶತಮಾನದ ನಡುವಿನಲ್ಲಿ ವಾದಿಸಿದರು. ಹಾಗಲ್ಲ, ಮನುಷ್ಯರು ವಿಧಿಗಳ ಮೂಲಕ ಗಮನವಿಟ್ಟು ನಡೆದುಕೊಳ್ಳುವುದರಿಂದಲೇ ಜಾಗ ಪವಿತ್ರವಾಗುತ್ತದೆ ಎಂದು ಜೊನಾಥನ್ ಝಡ್. ಸ್ಮಿತ್ 1980ರ ದಶಕದಲ್ಲಿ ಎದುರುವಾದ ಹೂಡಿದರು. ನಿಮ್ಮ ತಾಯಿಯವರು ತಿಳಿಯದೆಯೇ ಎಲಿಯಾಡೆಯ ಪಕ್ಷ. ನನ್ನ ಒಲವು ಬಹುಮಟ್ಟಿಗೆ ಸ್ಮಿತ್ ಕಡೆಗಿದ್ದರೂ ಅವರ ವಿವರಣೆಯಲ್ಲಿ ಯಾಕೋಬನ ನಡುಕಕ್ಕೆ ಜಾಗ ಸಾಲದು ಎಂಬ ತಕರಾರು ನನಗೆ ಇಂದಿಗೂ ಇದೆ.

ಅದಿರಲಿ, ಬೇತೇಲಿನ ಮುಂದಿನ ಕಥೆಯನ್ನು ಸಭೆಗಳಲ್ಲಿ ಹೇಳುವವರು ಕಡಿಮೆ. ರಾಜ್ಯ ಎರಡಾದ ಮೇಲೆ ಉತ್ತರದ ಅರಸ ಯಾರೊಬ್ಬಾಮನು ತನ್ನ ಪ್ರಜೆಗಳು ಯೆರೂಸಲೇಮಿಗೆ ಹೋಗದಂತೆ ತಡೆಯಲು ಬೇತೇಲಿನಲ್ಲೂ ದಾನ್‌ನಲ್ಲೂ ಚಿನ್ನದ ಕರುಗಳನ್ನು ನಿಲ್ಲಿಸಿದ. ಪಿತೃವಿನ ದರ್ಶನದ ಜಾಗ ಅರಸನ ಸರಹದ್ದಿನ ಠಾಣೆಯಾಯಿತು. ಆಮೋಸನು ಅಲ್ಲಿ ನಿಂತು ಮಾತನಾಡಿದಾಗ ಬೇತೇಲಿನ ಯಾಜಕನು ಕೊಟ್ಟ ಉತ್ತರ, ಇದು ಅರಸನ ಪವಿತ್ರಾಲಯ, ನೀನು ಇಲ್ಲಿ ಪ್ರವಾದಿಸಬೇಡ ಎಂದು. ಬೇತೇಲನ್ನು ಹುಡುಕಿಕೊಂಡು ಹೋಗಬೇಡಿರಿ ಎಂದು ಆಮೋಸನೂ, ಅದರ ಹೆಸರನ್ನು ತಿರುಚಿ ಬೇತಾವೆನ್, ಅಂದರೆ ಕೇಡಿನ ಮನೆ, ಎಂದು ಹೋಶೇಯನೂ ಹೇಳಿದರು. ಕೊನೆಗೆ ಕ್ರಿ.ಪೂ. 7ನೆಯ ಶತಮಾನದ ಕೊನೆಯ ಭಾಗದಲ್ಲಿ ಯೋಷೀಯನು ಆ ಬಲಿಪೀಠವನ್ನು ಒಡೆದು ಪುಡಿ ಮಾಡಿದ. ದೇವರು ಖಂಡಿತವಾಗಿ ಕಾಣಿಸಿಕೊಂಡ ಜಾಗವೆಂದು ಬೈಬಲೇ ಹೇಳುವ ಒಂದು ಸ್ಥಳವನ್ನು ಅದೇ ಬೈಬಲು ಕೆಡವಿಸುತ್ತದೆ. ಹೀಗಿರುವಾಗ ಒಮ್ಮೆ ಪವಿತ್ರವಾದದ್ದು ಎಂದೆಂದಿಗೂ ಪವಿತ್ರ ಎಂಬ ನಂಬಿಕೆಗೆ ಸತ್ಯವೇದದಲ್ಲಿ ಆಧಾರ ಸಿಗುವುದು ಕಷ್ಟ.

ಸೀನಾಯಿ ಬೆಟ್ಟದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ವಿಮೋಚನಕಾಂಡ 19ರ ಪ್ರಕಾರ ಬೆಟ್ಟದ ಸುತ್ತ ಮೇರೆ ಹಾಕಬೇಕು, ಮುಟ್ಟಿದವನು ಸಾಯಬೇಕು. ಆದರೆ ಅದೇ ಅಪ್ಪಣೆಯ ಕೊನೆಯಲ್ಲಿ, ಕೊಂಬಿನ ಧ್ವನಿ ದೀರ್ಘವಾಗಿ ಕೇಳಿಸಿದಾಗ ಜನರು ಬೆಟ್ಟ ಹತ್ತಬಹುದು ಎಂದಿದೆ. ಅಂದರೆ ಆ ಪವಿತ್ರತೆಗೆ ಆರಂಭವೂ ಇತ್ತು, ಮುಕ್ತಾಯದ ಸೂಚನೆಯೂ ಇತ್ತು. ಎಲೀಯನೊಬ್ಬನನ್ನು ಬಿಟ್ಟರೆ ಮುಂದೆ ಯಾರೂ ಅಲ್ಲಿಗೆ ಯಾತ್ರೆ ಹೋದ ಕಥೆ ಹಳೆಯ ಒಡಂಬಡಿಕೆಯಲ್ಲಿಲ್ಲ, ಆ ಬೆಟ್ಟ ಯಾವುದೆಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಬೆಟ್ಟದಿಂದ ಇಳಿದ ಮೇಲೆ ಕಟ್ಟಿದ ದೇವದರ್ಶನದ ಗುಡಾರವಂತೂ ಬಿಚ್ಚಿ ಹೊತ್ತೊಯ್ಯುವಂಥದ್ದು. ಅದರ ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಹೊರಗೆ ಪಾಳೆಯ, ಒಳಗೆ ಅಂಗಳ, ಅದರೊಳಗೆ ಪವಿತ್ರಸ್ಥಾನ, ಪರದೆಯಾಚೆ ಮಹಾಪವಿತ್ರಸ್ಥಾನ. ಅಲ್ಲಿಗೆ ಮಹಾಯಾಜಕನಿಗೆ ಮಾತ್ರ, ಅದೂ ವರ್ಷದಲ್ಲಿ ಒಂದು ದಿನ ಪ್ರವೇಶ. ಇಷ್ಟು ಕಟ್ಟುನಿಟ್ಟಾದ ಮೀಸಲು ಬೇರೆಲ್ಲೂ ಕಾಣದು. ಹಾಗಿದ್ದೂ ಮೇಘ ಎದ್ದಾಗ ಗುಡಾರ ಬಿಚ್ಚಿ ಮುಂದೆ ನಡೆದರೆ ಹಿಂದೆ ಉಳಿದ ನೆಲ ಬರೀ ಮರುಭೂಮಿ. ಅರಣ್ಯಕಾಂಡ 33 ತಂಗುದಾಣಗಳ ಹೆಸರುಗಳನ್ನು ಸಾಲಾಗಿ ಕೊಡುತ್ತದೆ, ಆದರೆ ಗುಡಾರ ನಿಂತಿದ್ದ ಕಾರಣಕ್ಕೆ ಇಂಥ ಜಾಗ ಪವಿತ್ರ ಎಂದು ಒಂದನ್ನೂ ಎತ್ತಿ ಹೇಳುವುದಿಲ್ಲ. "ನನಗೆ ಒಂದು ಪವಿತ್ರಾಲಯ ಕಟ್ಟಲಿ, ನಾನು ಅದರಲ್ಲಿ ವಾಸಿಸುವೆನು" ಎಂದು ನಾವು ನಿರೀಕ್ಷಿಸುವ ಕಡೆ ವಿಮೋಚನಕಾಂಡ 25:8 'ಅವರ ನಡುವೆ' ವಾಸಿಸುವೆನು ಎನ್ನುವುದು ಈ ಕಾರಣಕ್ಕೇ ಇರಬೇಕು.

ಇಷ್ಟು ಓದಿ ನಿಮ್ಮ ಸಭಾಪಾಲಕರೇ ಗೆದ್ದರೆಂದು ಭಾವಿಸಬೇಡಿ. ಹಳೆಯ ಒಡಂಬಡಿಕೆ ಸ್ಥಳಕ್ಕೆ ಅಂಟಿಕೊಂಡದ್ದು, ಹೊಸದು ಅದನ್ನು ಬಿಡಿಸಿದ್ದು ಎಂಬ ಸುಲಭ ಹಂಚಿಕೆ ಪಠ್ಯದಲ್ಲಿಲ್ಲ. ಸ್ಥಳದ ಮೇಲಿನ ಅನುಮಾನ ಹಳೆಯ ಒಡಂಬಡಿಕೆಯ ಒಳಗೇ ಹುಟ್ಟಿದ್ದು. ದೇವಾಲಯದ ಪ್ರತಿಷ್ಠೆಯ ದಿನವೇ, 1 ಅರಸುಗಳು 8:27ರಲ್ಲಿ, ಆಕಾಶವೂ ಉನ್ನತೋನ್ನತವಾದ ಆಕಾಶವೂ ನಿನ್ನನ್ನು ಹಿಡಿಸಲಾರವು, ನಾನು ಕಟ್ಟಿದ ಈ ಮನೆ ಎಷ್ಟರದು ಎಂದು ಸೊಲೊಮೋನನು ಪ್ರಾರ್ಥಿಸುತ್ತಾನೆ. ಕಟ್ಟಿಸಿದವನೇ ಹೇಳಿದ ಮಾತು ಇದು. ಆ ಮನೆ 60 ಮೊಳ ಉದ್ದ, 20 ಮೊಳ ಅಗಲ, 30 ಮೊಳ ಎತ್ತರವಿತ್ತು. ನಮ್ಮ ಅನೇಕ ಊರುಗಳ ಚರ್ಚುಗಳಿಗಿಂತ ಬಹಳ ದೊಡ್ಡದೇನಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಸಬೇಕು. ಇಸ್ರಾಯೇಲ್ಯರಿಗೆ ಮೊದಲಿನಿಂದಲೂ ಒಂದೇ ದೇವಾಲಯವಿತ್ತು ಎಂದು ಭಾನುವಾರದ ಪಾಠಶಾಲೆಯಲ್ಲಿ ಕಲಿತಿರುತ್ತೇವೆ. ವಿಮೋಚನಕಾಂಡ 20:24 ಮಣ್ಣಿನ ಬಲಿಪೀಠಗಳ ಬಗ್ಗೆ ಹೇಳುತ್ತಾ, ನನ್ನ ಹೆಸರನ್ನು ನೆನಪಿಗೆ ತರಿಸುವ ಎಲ್ಲ ಸ್ಥಳಗಳಲ್ಲಿಯೂ ಬಂದು ಆಶೀರ್ವದಿಸುವೆನು ಎನ್ನುತ್ತದೆ. ಧರ್ಮೋಪದೇಶಕಾಂಡ 12 ಮಾತ್ರ ಯೆಹೋವನು ಆರಿಸಿಕೊಳ್ಳುವ ಒಂದೇ ಸ್ಥಳ ಎಂದು ಬಿಗಿಮಾಡುತ್ತದೆ, ಆದರೆ ಆ ಸ್ಥಳ ಯೆರೂಸಲೇಮ್ ಎಂದು ಆ ಪುಸ್ತಕದಲ್ಲಿ ಎಲ್ಲೂ ಹೆಸರಿಸುವುದಿಲ್ಲ. ಯೆರೂಸಲೇಮನ್ನು ಒಪ್ಪದ ಸಮಾರ್ಯರೆಂಬ ಸಮುದಾಯದ ಪಂಚಗ್ರಂಥದಲ್ಲಿ, ಅಂದರೆ ಮೋಶೆಯ ಐದು ಪುಸ್ತಕಗಳಲ್ಲಿ, ಅದೇ ವಾಕ್ಯ 'ಆರಿಸಿಕೊಂಡ ಸ್ಥಳ' ಎಂದಿದೆ, ಮತ್ತು ಆ ಸ್ಥಳ ಅವರಿಗೆ ಗೆರಿಜ್ಜೀಮ್ ಬೆಟ್ಟ. ಇಂದಿಗೂ ಅವರು ಪಸ್ಕದ ಬಲಿಯನ್ನು ಅಲ್ಲಿಯೇ ಕೊಡುತ್ತಾರೆ. ನೆಲ ಅಗೆದವರ ಸಾಕ್ಷ್ಯವೂ ಹೀಗೇ ಇದೆ. 1960ರ ದಶಕದಲ್ಲಿ ಯೋಹಾನಾನ್ ಅಹರೋನಿಯವರು ದಕ್ಷಿಣದ ಅರಾದ್ ಕೋಟೆಯೊಳಗೆ ಯೆಹೂದ ರಾಜ್ಯದ ಕಾಲದ ಒಂದು ಗುಡಿಯನ್ನೂ ಅದರಲ್ಲಿ ಎರಡು ಧೂಪಪೀಠಗಳನ್ನೂ ಕಂಡರು. ಯೆರೂಸಲೇಮಿನಿಂದ ಕೆಲವೇ ಕಿಲೋಮೀಟರ್ ದೂರದ ಮೋಚಾದಲ್ಲಿ 2012ರಲ್ಲಿ ಇನ್ನೊಂದು ಗುಡಿ ಬೆಳಕಿಗೆ ಬಂತು. ಈಜಿಪ್ಟಿನ ನೈಲ್ ನದಿಯ ಎಲೆಫಂಟೀನ್ ದ್ವೀಪದಲ್ಲಿ ನೆಲೆಸಿದ್ದ ಯೆಹೂದ್ಯ ಸಿಪಾಯಿಗಳ ದೇವಾಲಯವನ್ನು ಕ್ರಿ.ಪೂ. 410ರಲ್ಲಿ ಕೆಡವಲಾಯಿತು. ಅದನ್ನು ಮತ್ತೆ ಕಟ್ಟಲು ಸಹಾಯ ಬೇಡಿ ಕ್ರಿ.ಪೂ. 407ರಲ್ಲಿ ಅವರು ಯೆಹೂದದ ಅಧಿಪತಿಗೆ ಬರೆದ ಅರಾಮಿಕ್ ಪತ್ರ ಇಂದಿಗೂ ಉಳಿದಿದೆ. ಉಪವಾಸ ಮಾಡಿ, ಗೋಣಿತಟ್ಟು ಉಟ್ಟು, ಎಣ್ಣೆ ಹಚ್ಚಿಕೊಳ್ಳದೆ ಶೋಕಿಸುತ್ತಿದ್ದೇವೆ ಎಂದು ಅದರಲ್ಲಿ ಬರೆದಿದ್ದಾರೆ. ನಿಮ್ಮ ತಾಯಿಯವರು ಊಟ ಬಿಟ್ಟಿದ್ದಾರೆಂದು ಓದಿದಾಗ ನನಗೆ ತಕ್ಷಣ ನೆನಪಾದದ್ದು ಆ ಪತ್ರ. ಕಟ್ಟಡಕ್ಕಾಗಿ ಊಟ ಬಿಡುವುದು ಅಜ್ಞಾನಿಗಳ ಲಕ್ಷಣವಲ್ಲ, ಬಹಳ ಹಳೆಯ ಭಕ್ತಿಯ ಲಕ್ಷಣ.

ಆದರೆ ಆ ಭಕ್ತಿಗೆ ಒಂದು ಅಪಾಯವಿದೆ, ಅದನ್ನು ಯೆರೆಮೀಯನಷ್ಟು ಕಟುವಾಗಿ ಹೇಳಿದವರಿಲ್ಲ. ದೇವಾಲಯದ ಬಾಗಿಲಲ್ಲೇ ನಿಂತು, "ಯೆಹೋವನ ಆಲಯ, ಯೆಹೋವನ ಆಲಯ, ಯೆಹೋವನ ಆಲಯ" ಎಂಬ ಮೋಸದ ಮಾತನ್ನು ನಂಬಬೇಡಿ, ಪರದೇಶಿಯನ್ನೂ ಅನಾಥರನ್ನೂ ವಿಧವೆಯರನ್ನೂ ಹಿಂಸಿಸಿ ಇಲ್ಲಿ ಬಂದು ನಿಂತರೆ ಈ ಗೋಡೆಗಳು ಕಾಪಾಡುವುದಿಲ್ಲ, ಶಿಲೋವಿಗೆ ಏನು ಮಾಡಿದೆನೋ ಹೋಗಿ ನೋಡಿರಿ ಎಂದು ಅವನು ಸಾರಿದ. ಶಿಲೋ ಎಂದರೆ ಏಲಿಯ ಕಾಲದ ಪವಿತ್ರಾಲಯ. ಅಲ್ಲಿಂದ ದೇವರ ಮಂಜೂಷವನ್ನು ಯುದ್ಧಕ್ಕೆ ತಾಯಿತದಂತೆ ಹೊತ್ತೊಯ್ದು ಶತ್ರುಗಳ ಕೈಗೆ ಕೊಟ್ಟು ಬಂದಿದ್ದರು. ಇಷ್ಟು ಹೇಳಿದ್ದಕ್ಕೆ ಯೆರೆಮೀಯನನ್ನು ಕೊಲ್ಲಬೇಕೆಂದು ಯಾಜಕರೇ ಎದ್ದರು. ಕ್ರಿ.ಪೂ. 586ರಲ್ಲಿ ದೇವಾಲಯ ಸುಟ್ಟುಹೋಯಿತು. ಆಗ ಹುಟ್ಟಿದ ಪ್ರಶ್ನೆ ನಿಮ್ಮದೇ: ಮನೆ ಹೋದ ಮೇಲೆ ದೇವರು ಎಲ್ಲಿ? ದೇವರ ತೇಜಸ್ಸು ಹೊಸ್ತಿಲಿಗೆ ಬಂದು, ಮೂಡಣ ಬಾಗಿಲಿಗೆ ಸರಿದು, ಊರಾಚೆಯ ಬೆಟ್ಟದ ಮೇಲೆ ನಿಂತು ಹೊರಟುಹೋದದ್ದನ್ನು ಯೆಹೆಜ್ಕೇಲನು ಕಂಡ. ಕಟ್ಟಡ ಬೀಳುವ ಮೊದಲೇ ಅದು ಖಾಲಿಯಾಗಿತ್ತು ಎಂಬುದು ಅವನ ಸಾಕ್ಷಿ. ಚದರಿಹೋದವರಿಗೆ ಆ ದೇಶಗಳಲ್ಲಿ ನಾನೇ ಸ್ವಲ್ಪ ಕಾಲದ ಪವಿತ್ರಾಲಯವಾಗಿದ್ದೇನೆ ಎಂಬ 11:16ರ ಮಾತೂ ಅವನದೇ. ಮುಂದೆ ಯೆಹೂದ್ಯ ಗುರುಗಳು 'ಮಾಕೋಮ್' ಎಂಬ ಪದವನ್ನೇ ದೇವರ ಹೆಸರಾಗಿ ಬಳಸಿದರು: ಜಗತ್ತಿಗೆ ಅವನು ಸ್ಥಳ, ಅವನಿಗೆ ಜಗತ್ತು ಸ್ಥಳವಲ್ಲ ಎಂದು. ಈ ಮಾತನ್ನು ಅವರು ಹೇಳಿದ್ದು ಯಾಕೋಬನ ಕನಸಿನ ಕಥೆಗೆ ವ್ಯಾಖ್ಯಾನ ಬರೆಯುವಾಗಲೇ.

ಹೊಸ ಒಡಂಬಡಿಕೆಗೆ ಬಂದರೆ ಸಭಾಪಾಲಕರ ವಚನಗಳು ಸಿಗುತ್ತವೆ, ಆದರೆ ಅವರು ಹೇಳಿದಷ್ಟು ಸರಳವಾಗಿ ಅಲ್ಲ. ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಹೆಂಗಸು ಯೇಸುವನ್ನು ಕೇಳಿದ್ದು ಗೆರಿಜ್ಜೀಮೋ ಯೆರೂಸಲೇಮೋ ಎಂಬ ಹಳೆಯ ವ್ಯಾಜ್ಯವನ್ನೇ. ಆ ಬೆಟ್ಟದ ದೇವಾಲಯವನ್ನು ಯೆಹೂದದ ಮಹಾಯಾಜಕನೂ ಆಳುವವನೂ ಆಗಿದ್ದ ಯೋಹಾನ್ ಹಿರ್ಕಾನನು ಯೇಸುವಿಗೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಕೆಡವಿದ್ದ, ಗಾಯ ಮಾತ್ರ ಮಾಗಿರಲಿಲ್ಲ. ಈ ಬೆಟ್ಟವೂ ಅಲ್ಲ, ಯೆರೂಸಲೇಮೂ ಅಲ್ಲ, ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸುವ ಕಾಲ ಬರುತ್ತದೆ ಎಂಬ ಉತ್ತರ ನಿಜ. ಹಾಗೆಂದು ಯೋಹಾನನ ಸುವಾರ್ತೆ ಸ್ಥಳದ ಭಾಷೆಯನ್ನು ಬಿಡುವುದಿಲ್ಲ, ಅದನ್ನು ಒಬ್ಬ ವ್ಯಕ್ತಿಯ ಮೇಲೆ ತಂದಿಡುತ್ತದೆ. 1:14ರಲ್ಲಿ ನಮ್ಮ ಕನ್ನಡದಲ್ಲಿ 'ವಾಸಮಾಡಿದನು' ಎಂದು ಓದುವ ಕಡೆ ಗ್ರೀಕಿನಲ್ಲಿ 'ಗುಡಾರ ಹಾಕಿದನು' ಎಂಬ ಮಾತಿದೆ. ಕನ್ನಡದಲ್ಲಿ ಅರ್ಥ ಉಳಿದು ಗುಡಾರ ಕಳೆದುಹೋಗಿದೆ. ಪೌಲನು ಕೊರಿಂಥದವರಿಗೆ, ನೀವು ದೇವರ ಆಲಯ ಎಂದು ಬರೆದಾಗ ಆ 'ನೀವು' ಗೌರವದ ನೀವು ಅಲ್ಲ, ಹಲವರ ನೀವು. ಸಭೆಯಾಗಿ ಕೂಡಿದವರು ಒಂದೇ ಆಲಯ. ಪುನರುತ್ಥಾನದ ನಂತರವೂ ಶಿಷ್ಯರು ದಿನಾಲೂ ದೇವಾಲಯದಲ್ಲಿ ಸೇರುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳು 2:46 ಹೇಳುತ್ತದೆ. ಯೇಸು ಸತ್ತಾಗ ದೇವಾಲಯದ ಪರದೆ ಹರಿದದ್ದರಿಂದ ಆ ಜಾಗ ಅವರಿಗೆ ಬರೀ ಕಲ್ಲು ಮಣ್ಣಾಗಲಿಲ್ಲ. ಪ್ರಕಟನೆಯ ಕೊನೆಯ ದರ್ಶನದ ಪಟ್ಟಣದಲ್ಲಿ ದೇವಾಲಯವೇ ಇಲ್ಲ, ಆದರೆ ಆ ಪಟ್ಟಣದ ಉದ್ದ ಅಗಲ ಎತ್ತರ ಸಮ. ಸೊಲೊಮೋನನ ಮಹಾಪವಿತ್ರಸ್ಥಾನವೂ 20 ಮೊಳದ ಸಮಘನವೇ ಆಗಿತ್ತು. ಊರಿಗೆ ಊರೇ ಒಳಕೋಣೆಯಾಗಿದೆ ಎಂಬುದು ಅದರ ಭಾವ. ಮೀಸಲು ರದ್ದಾಗಿಲ್ಲ, ಹಿಗ್ಗಿದೆ.

ಎರಡು ಸಮಾಧಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪುನರುತ್ಥಾನದ ದೇವಾಲಯವೆಂದು ಕರೆಯುವ ಹಳೆಯ ಚರ್ಚು 335ರಲ್ಲಿ, ಕಾನ್ಸ್ಟಂಟೈನನ ಕಾಲದಲ್ಲಿ, ಪ್ರತಿಷ್ಠೆಯಾದದ್ದು. ಇಂದು ಅದು ಹಳೆಯ ಪಟ್ಟಣದ ಗೋಡೆಯೊಳಗಿದ್ದರೂ ಯೇಸುವಿನ ಕಾಲದಲ್ಲಿ ಆ ಜಾಗ ಗೋಡೆಯ ಹೊರಗಿತ್ತು, ಸುತ್ತ ಆ ಕಾಲದ ಗೋರಿಗಳೂ ಇವೆ. ತೋಟದ ಸಮಾಧಿ ಹೆಸರುವಾಸಿಯಾದದ್ದು 1883ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗಾರ್ಡನ್ ಎತ್ತಿಹಿಡಿದ ಮೇಲೆ. ಆ ಗೋರಿಯನ್ನು ಪರಿಶೀಲಿಸಿದ ಪುರಾತತ್ತ್ವಜ್ಞ ಗೇಬ್ರಿಯಲ್ ಬಾರ್ಕಾಯ್ ಅದು ಯೇಸುವಿಗಿಂತ ಹಲವು ಶತಮಾನ ಹಳೆಯದು ಎಂದು ತೋರಿಸಿದರು, ಸುವಾರ್ತೆಯಾದರೋ ಹೊಸ ಸಮಾಧಿ ಎನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಸಾಕ್ಷ್ಯ ಮೊದಲನೆಯದರ ಕಡೆಗೆ ಬಲವಾಗಿ ವಾಲುತ್ತದೆ, ಪ್ರಾರ್ಥನೆಗೆ ನೆಮ್ಮದಿ ಮಾತ್ರ ಎರಡನೆಯದರಲ್ಲಿ ಹೆಚ್ಚು.

ಈಗ ನಿಮ್ಮ ದೇವಾಲಯ. ಮೀಸಲು ಬಿಡಿಸಿಕೊಳ್ಳುವ ಕಟ್ಟಳೆ ಯಾಜಕಕಾಂಡದ 27ನೆಯ ಅಧ್ಯಾಯದಲ್ಲಿಯೇ ಇದೆ. ಒಬ್ಬನು ತನ್ನ ಮನೆಯನ್ನು ಯೆಹೋವನಿಗೆ ಮೀಸಲಾಗಿಟ್ಟರೆ ಯಾಜಕನು ಅದರ ಬೆಲೆ ಕಟ್ಟಬೇಕು. ಇಟ್ಟವನು ಬಿಡಿಸಿಕೊಳ್ಳಬೇಕೆಂದರೆ ಆ ಬೆಲೆಗೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. ಅದೇ ಅಧ್ಯಾಯದ ಕೊನೆಯಲ್ಲಿ, ಪೂರ್ತಿಯಾಗಿ ಅರ್ಪಿಸಿಬಿಟ್ಟದ್ದನ್ನು ಮಾರಲೂಬಾರದು, ಬಿಡಿಸಿಕೊಳ್ಳಲೂಬಾರದು ಎಂಬ ಎಚ್ಚರಿಕೆಯೂ ಇದೆ. ಪುರಾತನ ಇಸ್ರಾಯೇಲಿನ ಈ ಕಾನೂನು ನಿಮ್ಮ ಸಮಿತಿಯನ್ನು ಕಟ್ಟಿಹಾಕುವುದಿಲ್ಲ, ಆದರೆ ಅದರ ಹಿಂದಿನ ವಿವೇಕ ಗಮನಿಸಬೇಕಾದದ್ದು: ಮೀಸಲಾದದ್ದನ್ನು ಸಾಧಾರಣಕ್ಕೆ ತರುವುದು ಪಾಪವಲ್ಲ, ಆದರೆ ಅದು ಯಾರಿಗೂ ತಿಳಿಯದಂತೆ, ಯಾವ ವೆಚ್ಚವೂ ಇಲ್ಲದೆ ನಡೆಯುವಂಥದ್ದಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಬಳಕೆಗೆ ಬಾರದ ದೇವಾಲಯವನ್ನು ಲೌಕಿಕ ಉಪಯೋಗಕ್ಕೆ ಬಿಡಲು ಧರ್ಮಾಧ್ಯಕ್ಷರಿಗೆ ಅವಕಾಶ ಕೊಟ್ಟು, ಆ ಉಪಯೋಗ ಹೀನವಾಗಿರಬಾರದು ಎಂದು ಷರತ್ತು ಹಾಕುತ್ತದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಕಟ್ಟಡವನ್ನು ರಿಪೇರಿ ಮಾಡಿ ಉಳಿಸಿಕೊಳ್ಳುವುದು. ಹಳೆಯ ಕಟ್ಟಡಗಳ ಅನುಭವವಿರುವ ಎಂಜಿನಿಯರ್ ಒಬ್ಬರಿಂದ ಗೋಡೆಗಳನ್ನು ಪರೀಕ್ಷಿಸದೆ ಕೆಡವುವ ತೀರ್ಮಾನ ಮಾಡಿದ್ದರೆ ಅದು ಅವಸರ. ಆದರೆ ಉಳಿಸುವ ವೆಚ್ಚ ಸಭೆಯ ಬಡವರ ಸಹಾಯನಿಧಿಯನ್ನು ನುಂಗುವುದಾದರೆ, ಅದೇ ಗೋಡೆ ಯೆರೆಮೀಯನು ಬೈದ ಗೋಡೆಯಾಗುತ್ತದೆ. ಎರಡನೆಯದು ಈಗಿನ ತೀರ್ಮಾನದಂತೆ ಕೆಡವಿ ಮಾರುವುದು. ಹಣಕ್ಕೆ ಇದು ಸುಲಭದ ದಾರಿ, ಸಭೆಗೆ ಅಲ್ಲ. ಹಿರಿಯರಿಗೆ ನಿಮ್ಮ ನೆನಪು ಬರೀ ಕಲ್ಲು ಮಣ್ಣು ಎಂದು ಹೇಳಿ ಕಟ್ಟಿದ ಹೊಸ ಕಟ್ಟಡದಲ್ಲಿ ಆ ಹಿರಿಯರು ಅತಿಥಿಗಳಂತೆ ಕೂರುವುದನ್ನು ನಾನು ಕಂಡಿದ್ದೇನೆ. ಕೊಳ್ಳುವವರು ಅಲ್ಲಿ ಏನು ಕಟ್ಟುತ್ತಾರೆ ಎಂಬುದು ಕ್ರಯಪತ್ರಕ್ಕೆ ಸಹಿ ಬಿದ್ದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದೂ ಇಲ್ಲ.

ಮೂರನೆಯ ದಾರಿ ಗುರುತು ಉಳಿಸುವುದು, ನನ್ನ ಮನಸ್ಸು ಒಪ್ಪುವುದು ಇದನ್ನೇ. ಯೊರ್ದನ್ ದಾಟಿದ ಮೇಲೆ ಹೊಳೆಯ ನಡುವಿನಿಂದ 12 ಕಲ್ಲುಗಳನ್ನು ತಂದು ನಿಲ್ಲಿಸಿದ್ದು, ಮುಂದೆ ಮಕ್ಕಳು ಈ ಕಲ್ಲುಗಳೇನು ಎಂದು ಕೇಳಲಿ ಎಂದೇ. ಯೆಹೋಶುವ 22ರಲ್ಲಿ ಹೊಳೆಯಾಚೆಯ ಕುಲದವರು ದೊಡ್ಡ ಬಲಿಪೀಠವೊಂದನ್ನು ಕಟ್ಟಿದಾಗ ಉಳಿದವರು ಯುದ್ಧಕ್ಕೇ ಹೊರಟರು. ಇದು ಬಲಿಗಾಗಿ ಅಲ್ಲ, ಸಾಕ್ಷಿಗಾಗಿ ಎಂದು ತಿಳಿದಾಗ ಸಿಟ್ಟು ಇಳಿಯಿತು. ಹಾಗೆಯೇ ನೀವು ಹಳೆಯ ಪ್ರಭುಭೋಜನದ ಮೇಜನ್ನು, ದೀಕ್ಷಾಸ್ನಾನದ ಕಲ್ಲನ್ನು, ಗಂಟೆಯನ್ನು ಹೊಸ ದೇವಾಲಯಕ್ಕೆ ಒಯ್ಯಬಹುದು, ಹಳೆಯ ಜಾಗದಲ್ಲಿ ಒಂದು ಮೂಲೆಯನ್ನಾದರೂ ಮಾರದೆ ಉಳಿಸಿ ಶಾಸನವೊಂದನ್ನು ನಿಲ್ಲಿಸಬಹುದು, ಕೆಡವುವ ಮೊದಲು ಕೊನೆಯ ಆರಾಧನೆ ನಡೆಸಿ, ಎಂದು ಪ್ರತಿಷ್ಠೆಯಾಯಿತೋ ಅದನ್ನು ಹೇಳಿ, ಇಂದು ಬಿಟ್ಟುಕೊಡುತ್ತಿದ್ದೇವೆ ಎಂದು ಬಾಯಿಬಿಟ್ಟು ಪ್ರಾರ್ಥಿಸಬಹುದು. ಇದರಲ್ಲೂ ಅಪಾಯವಿಲ್ಲದಿಲ್ಲ. ಮೋಶೆಯೇ ಮಾಡಿಸಿದ ತಾಮ್ರದ ಸರ್ಪಕ್ಕೆ ಜನ ಧೂಪ ಹಾಕಲು ತೊಡಗಿದಾಗ ಹಿಜ್ಕೀಯನು ಅದನ್ನು ಒಡೆದುಹಾಕಬೇಕಾಯಿತು. ಗುರುತಿನ ಕಲ್ಲಿಗೆ ಕಥೆ ಹೇಳುವವರು ಇರುವವರೆಗೆ ಮಾತ್ರ ಅದು ಗುರುತು.

ತಾಯಿಯವರೊಂದಿಗೆ ವಾದಕ್ಕೆ ಇಳಿಯಬೇಡಿ. ಅವರು ಯಾವ ಸಾಲಿನಲ್ಲಿ ಕೂರುತ್ತಿದ್ದರು, ಮದುವೆಯ ದಿನ ಯಾವ ಬಾಗಿಲಿನಿಂದ ಒಳಗೆ ಬಂದರು ಎಂದು ಕೇಳಿ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಸಭೆಯ ಉಳಿದ ಹಿರಿಯರಿಂದಲೂ ಬರೆಸಿ ಸಮಿತಿಯ ಮುಂದೆ ಇಡಿ. ಎರಡನೆಯ ದೇವಾಲಯಕ್ಕೆ ಅಸ್ತಿವಾರ ಹಾಕಿದ ದಿನ ಹಳೆಯದನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು, ಉಳಿದವರು ಆರ್ಭಟಿಸಿದರು, ಅಳು ಯಾವುದು ಹರ್ಷ ಯಾವುದು ಎಂದು ಗೊತ್ತಾಗಲಿಲ್ಲ ಎಂದು ಎಜ್ರ 3 ಬರೆದಿಟ್ಟಿದೆ. ಅಳಬೇಡಿರಿ ಎಂದು ಅಲ್ಲಿ ಯಾರೂ ಅವರಿಗೆ ಹೇಳಲಿಲ್ಲ.

ಉಳಿದದ್ದು ಸೀಸೆಯ ನೀರು. ಎಲ್ಲ ಜಾಗವೂ ಒಂದೇ ಎಂದವರು ಹೊಳೆಯ ನೀರು ಹೊತ್ತು ತಂದದ್ದು ನಿಮಗೆ ಕಪಟವಾಗಿ ಕಂಡಿರಬಹುದು. 2 ಅರಸುಗಳು 5ರಲ್ಲಿ ಅರಾಮ್ಯರ ಸೇನಾಪತಿ ನಾಮಾನನು ಅದೇ ಯೊರ್ದನಿನಲ್ಲಿ ಮುಳುಗಿ ಕುಷ್ಠ ವಾಸಿಯಾದ ಮೇಲೆ, ಯೆಹೋವನನ್ನು ಆರಾಧಿಸಲು ಈ ನಾಡಿನ ಮಣ್ಣನ್ನು ಎರಡು ಹೇಸರಗತ್ತೆ ಹೊರುವಷ್ಟು ಕೊಡಿ ಎಂದು ಎಲೀಷನನ್ನು ಬೇಡಿದ. ಭೂಲೋಕದಲ್ಲೆಲ್ಲಾ ಇಸ್ರಾಯೇಲಿನ ದೇವರ ಹೊರತು ಬೇರೆ ದೇವರಿಲ್ಲ ಎಂದು ಆಗತಾನೇ ಒಪ್ಪಿಕೊಂಡವನು ಅವನು. ದೇವರು ಎಲ್ಲೆಡೆ ಇರುವಾಗ ಮಣ್ಣೇಕೆ ಎಂದು ಪ್ರವಾದಿ ಕೇಳಬಹುದಿತ್ತು. ಎಲೀಷನು ಆ ಬೇಡಿಕೆಯನ್ನು ಹೊಗಳಲಿಲ್ಲ, ಹಳಿಯಲೂ ಇಲ್ಲ. ಸಮಾಧಾನದಿಂದ ಹೋಗು ಎಂದಷ್ಟೇ ಹೇಳಿ ಕಳುಹಿಸಿದ. ನಿಮ್ಮ ಸಭಾಪಾಲಕರ ಸೀಸೆಯ ವಿಷಯದಲ್ಲಿ ನಾನು ಹೇಳಬಹುದಾದದ್ದೂ ಅಷ್ಟೇ.